ಗೋಡೆಯ ಮೇಲೆ ಒಬ್ಬರ ಹೆಸರು, ಕೌಂಟರಿನಲ್ಲಿ ಇನ್ನೊಬ್ಬರು

ಸಂಪಾದಕರಿಗೆ ನಮಸ್ಕಾರ.

ಪಿಯುಸಿ ಫಲಿತಾಂಶ ಬಂದ ಮೇಲೆ ಪ್ರತಿ ವರ್ಷ ಪತ್ರಿಕೆಗಳಲ್ಲಿ ‘ಮುಂದೇನು’ ಅಂತ ಒಂದು ಪುಟ ಬರುತ್ತದೆ. ನಿಮ್ಮ ಪತ್ರಿಕೆಯಲ್ಲೂ ಬಂತು. ಅದರಲ್ಲಿ ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಬಗ್ಗೆ ನಾಲ್ಕು ಸಾಲು ಇತ್ತು. ಎರಡು ವರ್ಷದ ಕೋರ್ಸ್, ಮುಗಿಸಿದವರಿಗೆ ಕೆಲಸ ಖಚಿತ, ಸ್ವಂತ ಮೆಡಿಕಲ್ ಶಾಪ್ ಕೂಡ ಇಡಬಹುದು ಅಂತ. ನಮ್ಮ ಪಕ್ಕದ ಮನೆಯ ಹುಡುಗಿ ಆ ತುಂಡನ್ನು ಕತ್ತರಿಸಿ ತಂದು ನನ್ನ ಮುಂದೆ ಇಟ್ಟಳು. ‘ಅಣ್ಣಾ, ಇದಕ್ಕೆ ಸೇರಬಹುದಾ? ಸಂಬಳ ಎಷ್ಟು ಬರುತ್ತೆ?’ ಅಂದಳು.

ನಾನು ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್‌ನಲ್ಲಿ ಫಾರ್ಮಸಿಸ್ಟ್. ಆದರೂ ಅವಳ ಪ್ರಶ್ನೆಗೆ ಥಟ್ಟಂತ ಉತ್ತರ ಕೊಡಲು ಆಗಲಿಲ್ಲ. ಕೆಲಸ ಸಿಗುತ್ತದೆ ಅನ್ನುವುದು ನಿಜ. ಸಂಬಳದ ಮಾತು ಮಾತ್ರ ಆ ನಾಲ್ಕು ಸಾಲಿನಲ್ಲಿ ಇರಲೇ ಇಲ್ಲ. ಅದನ್ನು ನಾನು ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸಬೇಡಿ.

ಮೊದಲು ನನ್ನದೇ ಲೆಕ್ಕ ಹೇಳುತ್ತೇನೆ. 2014ರಲ್ಲಿ ಕೆಲಸಕ್ಕೆ ಸೇರಿದಾಗ ಕೈಗೆ ಬರುತ್ತಿದ್ದದ್ದು 6,500 ರೂಪಾಯಿ. ಈಗ 17,000. ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತಿದರೆ ರಾತ್ರಿ ಒಂಬತ್ತೂವರೆಗೆ ಇಳಿಸುವುದು. ಮಧ್ಯಾಹ್ನ ಊಟಕ್ಕೆ ಒಂದು ಗಂಟೆ ಅಂತ ಮಾತು, ಆದರೆ ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳು ಚೀಟಿ ಹಿಡಿದು ಬರುವುದೇ ಆ ಹೊತ್ತಿಗೆ, ಹಾಗಾಗಿ ತುತ್ತು ಬಾಯಿಗಿಟ್ಟುಕೊಂಡೇ ಎದ್ದು ಬರುವ ದಿನಗಳೇ ಜಾಸ್ತಿ. ಭಾನುವಾರ ಅರ್ಧ ದಿನ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ನೇಮಕಾತಿ ಪತ್ರ ಇಲ್ಲ. ನಮ್ಮೂರಲ್ಲಿ ಗಾರೆ ಕೆಲಸ ಮಾಡುವವರ ದಿನಗೂಲಿಯನ್ನು ಇಪ್ಪತ್ತಾರು ದಿನಕ್ಕೆ ಗುಣಿಸಿದರೆ ನನ್ನ ಸಂಬಳಕ್ಕಿಂತ ಮೇಲೆ ಹೋಗುತ್ತದೆ. ಅವರಿಗೆ ಅಷ್ಟು ಸಿಗುವುದು ಸರಿಯೇ, ಅದು ಮೈ ಮುರಿಯುವ ಕೆಲಸ. ನಾನು ಕೇಳುವುದು ಇಷ್ಟೇ, ಸರ್ಕಾರವೇ ಓದು ನಿಗದಿ ಮಾಡಿ, ಪರೀಕ್ಷೆ ಇಟ್ಟು, ನೋಂದಣಿ ಕೊಟ್ಟು, ಇವನಿಲ್ಲದೆ ಅಂಗಡಿ ತೆರೆಯಬಾರದು ಅಂತ ಕಾನೂನು ಮಾಡಿರುವ ಒಂದು ಕೆಲಸಕ್ಕೆ ಬೆಲೆ ಯಾಕೆ ಇಷ್ಟು ಕಡಿಮೆ?

ಕಾನೂನು ಏನು ಹೇಳುತ್ತದೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ್ ಚೀಟಿಗೆ ಔಷಧಿ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್‌ನ ಕೆಲಸ. ಬೇರೆಯವರು ಕೊಡುವಂತಿಲ್ಲ. 1945ರ ಔಷಧ ನಿಯಮಗಳಲ್ಲಿ 65ನೆಯದು, ಫಾರ್ಮಸಿಸ್ಟ್ ತಾನೇ ಕೊಡಬೇಕು ಇಲ್ಲವೇ ಅವನ ಸ್ವಂತ ಮೇಲ್ವಿಚಾರಣೆಯಲ್ಲಿ ಕೊಡಬೇಕು ಅನ್ನುತ್ತದೆ. ಅಂಗಡಿಯ ಲೈಸೆನ್ಸ್‌ನಲ್ಲೇ ಅವನ ಹೆಸರು, ನೋಂದಣಿ ಸಂಖ್ಯೆ ಇರುತ್ತದೆ. ಅಂದರೆ ಊರಲ್ಲಿ ಎಷ್ಟು ಮೆಡಿಕಲ್ ಇದೆಯೋ ಕಡೇಪಕ್ಷ ಅಷ್ಟು ಜನ ಫಾರ್ಮಸಿಸ್ಟ್‌ಗಳು ಬೇಕು. ಅಂಗಡಿ ಹನ್ನೆರಡು ಗಂಟೆ ತೆರೆದಿದ್ದರೆ ಇಬ್ಬರು ಬೇಕು. ಇಷ್ಟು ಬೇಡಿಕೆ ಇರುವ ಕೆಲಸಕ್ಕೆ ಸಂಬಳ ತಾನಾಗಿ ಏರಬೇಕಿತ್ತು, ಅಲ್ವಾ?

ಏರಲಿಲ್ಲ. ಯಾಕೆ ಅಂತ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಎರಡು ವರ್ಷ ಆದ ಮೇಲೆ.

ಒಂದು ದಿನ ಪಕ್ಕದ ತಾಲ್ಲೂಕಿನಿಂದ ಒಬ್ಬರು ಬಂದರು. ಹೊಸ ಮೆಡಿಕಲ್ ಇಡುತ್ತಿದ್ದೇನೆ, ನಿಮ್ಮ ಸರ್ಟಿಫಿಕೇಟ್ ಬೇಕು ಅಂದರು. ನಾನು ಇಲ್ಲಿ ಕೆಲಸದಲ್ಲಿದ್ದೇನಲ್ಲ ಅಂದೆ. ‘ನಿಮ್ಮದು ಬೇಡ ಬಿಡಿ, ನಿಮ್ಮ ತಂಗಿಯೂ ಡಿ.ಫಾರ್ಮ್ ಮಾಡಿದ್ದಾರಂತೆ, ಅವರದು ಕೊಡಿ. ಅಂಗಡಿಗೆ ಬರುವುದೇ ಬೇಡ. ತಿಂಗಳಿಗೆ 4,000 ಮನೆಗೇ ಬರುತ್ತೆ. ಡ್ರಗ್ ಇನ್‌ಸ್ಪೆಕ್ಟರ್ ಬರುವ ದಿನ ಫೋನ್ ಮಾಡ್ತೀವಿ, ಒಂದು ಗಂಟೆ ಬಂದು ಕೂತು ಹೋಗಲಿ’ ಅಂದರು. ಹಾಲು ಹಾಕುವವರು ಲೀಟರ್ ರೇಟು ಮಾತಾಡುವ ಹಾಗೆ ಸಹಜವಾಗಿ ಹೇಳಿದರು. ತಂಗಿ ಒಪ್ಪಲಿಲ್ಲ. ಆದರೆ ಅವಳ ಬ್ಯಾಚಿನ ಹುಡುಗಿಯರಲ್ಲಿ ಕೆಲವರು ಒಪ್ಪಿದರು. ಅವರನ್ನು ನಾನು ಬೈಯುವುದಿಲ್ಲ. ಮದುವೆಯಾಗಿ ಹಳ್ಳಿ ಸೇರಿದ್ದಾರೆ, ಮನೆಯಲ್ಲಿ ಹೊರಗೆ ಕಳಿಸುವುದಿಲ್ಲ, ಕೈಯಲ್ಲಿ ಚಿಕ್ಕ ಮಗು. ಓದಿದ್ದಕ್ಕೆ ಏನೋ ಒಂದು ಬರಲಿ ಅಂತ ಗಂಡನ ಮನೆಯವರೇ ಮಾತಾಡಿ ಕೊಟ್ಟುಬಿಡುತ್ತಾರೆ. ಎಷ್ಟೋ ಸಲ ಯಾವ ಅಂಗಡಿಯಲ್ಲಿ ತಮ್ಮ ಹೆಸರು ನೇತಾಡುತ್ತಿದೆ ಅನ್ನುವುದೇ ಆ ಹೆಣ್ಣುಮಕ್ಕಳಿಗೆ ಗೊತ್ತಿರುವುದಿಲ್ಲ.

ಅಂಥ ಒಂದು ಅಂಗಡಿಗೆ ನಾನು ಹೋಗಿದ್ದೇನೆ. ಊರಿಗೆ ಹೋಗುವಾಗ ಅಮ್ಮನ ಬಿಪಿ ಮಾತ್ರೆ ಮರೆತಿತ್ತು, ದಾರಿಯಲ್ಲಿ ಇಳಿದು ಕೊಂಡೆ. ಕ್ಯಾಶ್ ಕೌಂಟರ್ ಹಿಂದೆ ಗಣಪತಿ ಫೋಟೋ, ಅದರ ಪಕ್ಕ ಚೌಕಟ್ಟು ಹಾಕಿದ ಫಾರ್ಮಸಿಸ್ಟ್ ಸರ್ಟಿಫಿಕೇಟ್. ವರ್ಷಗಟ್ಟಲೆ ಊದುಬತ್ತಿ ಹೊಗೆ ಹಿಡಿದು ಗಾಜು ಹಳದಿಯಾಗಿತ್ತು. ಕತ್ತು ಉದ್ದ ಮಾಡಿ ಓದಿದೆ, ಒಬ್ಬ ಹೆಣ್ಣುಮಗಳ ಹೆಸರು. ‘ಇವರು ಇಲ್ಲವಾ?’ ಅಂತ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗನಿಗೆ ಹೆಚ್ಚೆಂದರೆ ಹತ್ತೊಂಬತ್ತು ವರ್ಷ. ಅವನು ಒಮ್ಮೆ ತಿರುಗಿ ಆ ಚೌಕಟ್ಟನ್ನು ನೋಡಿ, ‘ಅವರು ಯಾರು ಅಂತ ನಂಗೊತ್ತಿಲ್ಲ ಸಾರ್, ನಾನು ಸೇರಿ ಎರಡು ವರ್ಷ ಆಯ್ತು, ನೋಡೇ ಇಲ್ಲ’ ಅಂದ. ಸುಳ್ಳು ಹೇಳಬೇಕು ಅಂತಲೂ ಅವನಿಗೆ ಅನಿಸಲಿಲ್ಲ. ಅದು ತಪ್ಪು ಅಂತ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ನಮ್ಮ ಸಂಬಳದ ಗುಟ್ಟು ಇರುವುದೇ ಇಲ್ಲಿ. ಮಾಲೀಕರಿಗೆ ಎರಡು ದಾರಿ ಇದೆ. ಒಂದು, ಸರ್ಟಿಫಿಕೇಟನ್ನು 4,000ಕ್ಕೆ ಬಾಡಿಗೆಗೆ ತಂದು, ಪಿಯುಸಿ ಓದಿದ ಹುಡುಗನನ್ನು ಒಂಬತ್ತು ಹತ್ತು ಸಾವಿರಕ್ಕೆ ಇಟ್ಟುಕೊಳ್ಳುವುದು. ಇನ್ನೊಂದು, ದಿನವೂ ಬಂದು ನಿಲ್ಲುವ ನಿಜವಾದ ಫಾರ್ಮಸಿಸ್ಟ್‌ಗೆ ಸಂಬಳ ಕೊಡುವುದು. ಮೊದಲ ದಾರಿಗೆ ಹದಿನಾಲ್ಕು ಸಾವಿರ ಸಾಕು ಅಂದ ಮೇಲೆ ಎರಡನೆಯ ದಾರಿಗೆ ಇಪ್ಪತ್ತೈದು ಸಾವಿರ ಯಾರು ಕೊಡುತ್ತಾರೆ? ನಾನು ಸಂಬಳ ಜಾಸ್ತಿ ಮಾಡಿ ಅಂತ ಕೇಳಿದಾಗಲೆಲ್ಲ ನಮ್ಮ ಮಾಲೀಕರು ಈ ಲೆಕ್ಕವನ್ನೇ ಹೇಳಿದ್ದಾರೆ. ಅವರು ಕೆಟ್ಟವರಲ್ಲ, ನನ್ನ ಮಗಳಿಗೆ ಹುಷಾರಿಲ್ಲದಾಗ ರಾತ್ರಿ ತಮ್ಮ ಕಾರಿನಲ್ಲೇ ಹಾಸನಕ್ಕೆ ಕರೆದುಕೊಂಡು ಹೋದವರು. ಆದರೆ ಪಕ್ಕದ ಅಂಗಡಿಯವರು ಹದಿನಾಲ್ಕರಲ್ಲಿ ಮುಗಿಸುತ್ತಿರುವಾಗ ನಾನೊಬ್ಬನೇ ಹೇಗೆ ಕೊಡಲಿ ಅನ್ನುತ್ತಾರೆ. ಬಾಡಿಗೆ ಸರ್ಟಿಫಿಕೇಟಿನಿಂದ ಎಲ್ಲೋ ಕಾನೂನು ಮುರಿಯಿತು ಅಂತಷ್ಟೇ ಅಲ್ಲ, ನಿಜವಾಗಿ ಕೆಲಸ ಮಾಡುವ ಪ್ರತಿಯೊಬ್ಬ ಫಾರ್ಮಸಿಸ್ಟ್‌ನ ಸಂಬಳದ ಚೀಲಕ್ಕೂ ಅದು ತೂತು ಕೊರೆಯುತ್ತಿದೆ.

ಮಾಲೀಕರ ಕಷ್ಟವನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯ ಆಗುವುದಿಲ್ಲ. ಸರ್ಕಾರ ಬೆಲೆ ನಿಗದಿ ಮಾಡಿದ ಔಷಧಿಗಳಿಗೆ 2013ರ ಬೆಲೆ ನಿಯಂತ್ರಣ ಆದೇಶದಲ್ಲಿ ಚಿಲ್ಲರೆ ಅಂಗಡಿಗೆ ಹಿಡಿದಿರುವ ಮಾರ್ಜಿನ್ 16%. ಬೇರೆ ಬ್ರ್ಯಾಂಡ್‌ಗಳಿಗೆ ಸಾಮಾನ್ಯವಾಗಿ 20%. ಇದರಲ್ಲೇ ಬಾಡಿಗೆ, ಕರೆಂಟು, ಫ್ರಿಜ್, ಎಕ್ಸ್‌ಪೈರಿ ಆಗಿ ವಾಪಸ್ ಹೋಗದ ಮಾಲು, ಎಲ್ಲ. ಈಗ ಎದುರಿನ ಬೀದಿಯಲ್ಲಿ ದೊಡ್ಡ ಕಂಪನಿಯ ಅಂಗಡಿ ಬಂದು 15% ರಿಯಾಯಿತಿ ಬೋರ್ಡ್ ಹಾಕುತ್ತದೆ. ಮೊಬೈಲ್‌ನಲ್ಲಿ ಆರ್ಡರ್ ಮಾಡಿದರೆ ಅದಕ್ಕಿಂತ ಜಾಸ್ತಿ ಬಿಡುತ್ತಾರೆ. ಆನ್‌ಲೈನ್ ಔಷಧಿ ಮಾರಾಟಕ್ಕೆ ಕೇಂದ್ರ ಸರ್ಕಾರ ಕರಡು ನಿಯಮ ತಂದಿದ್ದು 2018ರಲ್ಲಿ. ಅದು ಇನ್ನೂ ಕರಡಾಗಿಯೇ ಇದೆ. ಸಣ್ಣ ಅಂಗಡಿಯವರು ರಿಯಾಯಿತಿ ಕೊಡಲು ಎಲ್ಲಿ ಉಳಿಸುತ್ತಾರೆ? ಬಾಡಿಗೆ ಕಡಿಮೆ ಮಾಡಲು ಆಗುವುದಿಲ್ಲ, ಕರೆಂಟು ಬಿಲ್ ಕಡಿಮೆ ಮಾಡಲು ಆಗುವುದಿಲ್ಲ. ಉಳಿದಿರುವುದು ನಮ್ಮ ಸಂಬಳ.

ನಾವು ಅಲ್ಲಿ ನಿಂತು ಏನು ಮಾಡುತ್ತೇವೆ, ಸ್ಟ್ರಿಪ್ ತೆಗೆದು ಕವರಿಗೆ ಹಾಕಿ ಕೊಡುವುದಷ್ಟೇ ತಾನೇ ಅಂತ ಕೆಲವರಿಗೆ ಅನಿಸಬಹುದು. ಕಳೆದ ವರ್ಷ ಆಷಾಢದಲ್ಲಿ ನಡೆದ ಒಂದು ವಿಷಯ ಹೇಳುತ್ತೇನೆ.

ಮಳೆಯಲ್ಲಿ ನೆನೆದುಕೊಂಡು ಒಬ್ಬ ಅಜ್ಜ ಬಂದರು. ಬೆರಳುಗಳ ಗೆಣ್ಣು ಎಲ್ಲ ಊದಿ ಸೊಟ್ಟ ಆಗಿತ್ತು, ಸಂಧಿವಾತ. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ, ಮೊದಲ ತಿಂಗಳ ಮಾತ್ರೆ ಬೇರೊಂದು ಅಂಗಡಿಯಲ್ಲಿ ತೆಗೆದುಕೊಂಡಿದ್ದರಂತೆ. ಅದು ಮುಗಿಯಿತು, ಇನ್ನಷ್ಟು ಕೊಡು ಅಂತ ಖಾಲಿ ಸ್ಟ್ರಿಪ್ ಮುಂದಿಟ್ಟರು. ಮೆಥೋಟ್ರೆಕ್ಸೇಟ್. ಆ ಮಾತ್ರೆಯನ್ನು ಸಂಧಿವಾತಕ್ಕೆ ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಬೇಕು. ಮಿಕ್ಕ ದಿನಗಳಲ್ಲಿ ಡಾಕ್ಟರ್ ಹೇಳಿದ ಹಾಗೆ ಫೋಲಿಕ್ ಆಸಿಡ್. ದಿನಾ ತೆಗೆದುಕೊಂಡರೆ ಬಾಯಿ ಹುಣ್ಣಾಗುತ್ತದೆ, ರಕ್ತದ ಕಣಗಳು ಕುಸಿಯುತ್ತವೆ, ಜೀವಕ್ಕೇ ಕುತ್ತು. ಇದು ಡಿ.ಫಾರ್ಮ್ ಓದಿದ ಎಲ್ಲರಿಗೂ ಗೊತ್ತಿರುವ ವಿಷಯ. ಅವರು ಚೀಟಿ ತೆಗೆದುಕೊಂಡಿದ್ದು ಯಾವತ್ತು ಅಂತ ನೋಡಿದೆ. ಹನ್ನೊಂದು ದಿನ ಆಗಿತ್ತು. ಹತ್ತು ಮಾತ್ರೆ ಖಾಲಿ.

‘ಅಜ್ಜಾ, ಇದನ್ನ ಹೇಗೆ ತಗೊಂಡ್ರಿ?’ ಅಂದೆ.

‘ದಿನಾ ರಾತ್ರಿ ಊಟ ಆದ್ಮೇಲೆ ಒಂದು. ಆ ಹುಡುಗ ಹಂಗೇ ಹೇಳಿದ್ನಲ್ಲ’ ಅಂದರು. ಬಾಯಿ ತೆರೆಯಿರಿ ಅಂದೆ. ನಾಲಗೆಯ ಅಂಚು, ಕೆನ್ನೆಯ ಒಳಗೆಲ್ಲ ಹುಣ್ಣು. ಎರಡು ದಿನದಿಂದ ಖಾರ ತಿನ್ನಲು ಆಗುತ್ತಿಲ್ಲ ಅಂದರು. ಚೀಟಿಯಲ್ಲಿ ಡಾಕ್ಟರ್ ವಾರಕ್ಕೊಮ್ಮೆ ಅಂತ ಇಂಗ್ಲಿಷಿನಲ್ಲಿ ಸರಿಯಾಗೇ ಬರೆದಿದ್ದರು, ಆದರೆ ಅಕ್ಷರ ಗೀಚಿದ ಹಾಗೆ ಇತ್ತು. ಕೊಟ್ಟವನಿಗೆ ಆ ಅಕ್ಷರ ತಿಳಿದಿಲ್ಲ, ಆ ಮಾತ್ರೆ ಏನು ಅಂತಲೂ ತಿಳಿದಿಲ್ಲ. ಕವರಿನ ಮೇಲೆ ಎಲ್ಲ ಮಾತ್ರೆಗೂ ಬರೆಯುವ ಹಾಗೆ ರಾತ್ರಿ ಒಂದು ಅಂತ ಗುರುತು ಹಾಕಿ ಕೊಟ್ಟಿದ್ದಾನೆ. ನಾನು ಮಾತ್ರೆ ಕೊಡಲಿಲ್ಲ. ಅಂಗಡಿಯನ್ನು ಜೊತೆಗಿದ್ದವನಿಗೆ ನೋಡಿಕೋ ಅಂತ ಹೇಳಿ, ಅಜ್ಜನನ್ನು ಆಟೋದಲ್ಲಿ ಕೂರಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಂದ ಹಾಸನಕ್ಕೆ ಕಳಿಸಿದರು. ಎಂಟು ದಿನ ಇದ್ದು ಬದುಕಿ ಬಂದರು. ಈಗ ಅವರ ಮಾತ್ರೆ ನಮ್ಮಲ್ಲೇ. ಸ್ಟ್ರಿಪ್ ಮೇಲೆ ದಪ್ಪ ಮಾರ್ಕರ್‌ನಲ್ಲಿ ‘ಸೋಮವಾರ ಮಾತ್ರ’ ಅಂತ ಬರೆದು ಕೊಡುತ್ತೇನೆ. ಅವರಿಗೆ ಓದು ಬರುವುದಿಲ್ಲ, ಮೊಮ್ಮಗಳು ಓದಿ ಹೇಳುತ್ತಾಳೆ.

ಆ ಹುಡುಗನನ್ನು ನಾನು ದೂರುವುದಿಲ್ಲ. ಅವನೂ ನಮ್ಮಂಥ ಬಡವರ ಮನೆ ಹುಡುಗನೇ. ಬೇರೆ ಕೆಲವು ದೇಶಗಳಲ್ಲಿ ಫಾರ್ಮಸಿಸ್ಟ್‌ನ ಕೈಕೆಳಗೆ ಕೆಲಸ ಮಾಡುವವರಿಗೆ ಫಾರ್ಮಸಿ ಟೆಕ್ನಿಷಿಯನ್ ಅಂತ ಒಂದು ಹೆಸರಿದೆ, ತರಬೇತಿ ಇದೆ, ಪರೀಕ್ಷೆ ಇದೆ. ನಮ್ಮಲ್ಲಿ ಕೌಂಟರಿನ ಹುಡುಗರಿಗೆ ಅಂಥದ್ದೊಂದು ದರ್ಜೆ ಕಾನೂನಿನಲ್ಲೇ ಇಲ್ಲ. ಹತ್ತು ವರ್ಷ ದುಡಿದರೂ ಅವನು ‘ಮೆಡಿಕಲ್ ಹುಡುಗ’ನೇ. ಯಾವ ಮಾತ್ರೆ ಯಾವ ರ‍್ಯಾಕಿನಲ್ಲಿದೆ ಅಂತ ಕಣ್ಣುಮುಚ್ಚಿ ಹೇಳುತ್ತಾನೆ. ಅದು ಯಾಕೆ, ಯಾರಿಗೆ ಕೊಡಬಾರದು ಅಂತ ಅವನಿಗೆ ಯಾರೂ ಕಲಿಸಿಲ್ಲ. ಇಷ್ಟು ವರ್ಷ ಕೆಲಸ ಮಾಡಿದವರಿಗೆ ಒಂದು ತರಬೇತಿ, ಒಂದು ಪ್ರಮಾಣಪತ್ರ, ಅದಕ್ಕೆ ತಕ್ಕ ಸಂಬಳ ಅಂತ ಮಾಡಿದರೆ, ಫಾರ್ಮಸಿಸ್ಟ್ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಒಳ್ಳೆಯ ಕೈಗಳು ಸಿಗುತ್ತವೆ. ಫಾರ್ಮಸಿಸ್ಟ್ ಬದಲಿಗೆ ಅಲ್ಲ, ಪಕ್ಕದಲ್ಲಿ.

ನನ್ನ ಕ್ಲಾಸ್‌ಮೇಟ್ ಒಬ್ಬ ಭಟ್ಕಳದ ಕಡೆಯವನು, ದುಬೈನಲ್ಲಿದ್ದಾನೆ. ಡಿಪ್ಲೊಮಾ ಮಾಡಿದವರಿಗೆ ಅಲ್ಲಿ ಸಿಗುವುದು ಅದೇ ಟೆಕ್ನಿಷಿಯನ್ ದರ್ಜೆ. ಹೋಗುವ ಮೊದಲು ಮಾರ್ಕ್ಸ್‌ಕಾರ್ಡ್, ನೋಂದಣಿ, ಅನುಭವದ ಪತ್ರ ಎಲ್ಲವನ್ನೂ ಅವರು ಮೂಲದಿಂದಲೇ ಪರಿಶೀಲಿಸಿದರು, ಆಮೇಲೆ ಪರೀಕ್ಷೆ ಬರೆಸಿದರು. ಲೈಸೆನ್ಸ್ ಕೈಗೆ ಬರುವವರೆಗೆ ಕೌಂಟರ್ ಮುಟ್ಟಲು ಬಿಡಲಿಲ್ಲವಂತೆ. ಅದೇ ಓದು, ಅದೇ ಕಾಲೇಜು, ಒಂದೇ ಬೆಂಚಿನಲ್ಲಿ ಕೂತವರು ನಾವು. ಅಲ್ಲಿ ಅವನ ಬದಲಿಗೆ ಅವನ ಸರ್ಟಿಫಿಕೇಟನ್ನು ತೂಗುಹಾಕಲು ಬರುವುದಿಲ್ಲ, ಅದಕ್ಕೇ ಅವನಿಗೆ ಬೆಲೆ. ಇಲ್ಲಿ ಬರುತ್ತದೆ. ನನ್ನ ಮಟ್ಟಿಗೆ ವ್ಯತ್ಯಾಸ ಅಷ್ಟೇ.

ಸರ್ಕಾರಿ ಕೆಲಸದ ಬಗ್ಗೆ ಆ ಹುಡುಗಿ ಕೇಳಿದಳು. ಅದು ಎಲ್ಲರ ಕನಸು, ಯಾಕೆ ಅಂತ ಸಂಬಳ ನೋಡಿದರೆ ಗೊತ್ತಾಗುತ್ತದೆ. ರೈಲ್ವೆಯಲ್ಲಿ ಹೊಸದಾಗಿ ಸೇರುವ ಫಾರ್ಮಸಿಸ್ಟ್‌ಗೆ ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನವೇ 29,200. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಆದರೆ 2024ರಲ್ಲಿ ರೈಲ್ವೆಯವರು ಅರ್ಜಿ ಕರೆದಾಗ ಇಡೀ ದೇಶಕ್ಕೆ ಇದ್ದ ಫಾರ್ಮಸಿಸ್ಟ್ ಹುದ್ದೆ 246. ನಮ್ಮ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಈ ಹುದ್ದೆಗೆ ಈಗ ಫಾರ್ಮಸಿ ಅಧಿಕಾರಿ ಅಂತ ಗೌರವದ ಹೆಸರಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ಫಾರ್ಮಸಿಸ್ಟ್ ಇರಬೇಕು ಅನ್ನುವುದು ನಿಯಮ. ನೇಮಕಾತಿ ಕರೆಯುವುದು ಅಪರೂಪ, ಮಧ್ಯದಲ್ಲಿ ಗುತ್ತಿಗೆ ಮೇಲೆ ತುಂಬುತ್ತಾರೆ. ಗುತ್ತಿಗೆಯವರಿಗೆ ವರ್ಷ ವರ್ಷವೂ ಮಾರ್ಚ್ ಬಂದರೆ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಅಂತ ಎದೆ ಡವಡವ.

ಒಂದು ಮಾತು ಇಲ್ಲಿ ಹೇಳಲೇಬೇಕು. 2022ರ ಡಿಸೆಂಬರ್‌ನಲ್ಲಿ ‘ನಮ್ಮ ಕ್ಲಿನಿಕ್’ ಶುರುವಾದಾಗ ನಾವೆಲ್ಲ ಖುಷಿಪಟ್ಟೆವು. ನಗರದ ಬಡವರ ಮನೆ ಹತ್ತಿರವೇ ಡಾಕ್ಟರ್, ಉಚಿತ ಔಷಧಿ. ಒಳ್ಳೆಯ ಯೋಜನೆ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಸಿಬ್ಬಂದಿ ಪಟ್ಟಿ ನೋಡಿದರೆ ಒಬ್ಬ ಡಾಕ್ಟರ್, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಡಿ ಗ್ರೂಪ್ ನೌಕರ. ಫಾರ್ಮಸಿಸ್ಟ್ ಇಲ್ಲ. ಔಷಧಿ ಕೊಡುವುದೇ ಮುಖ್ಯವಾದ ಜಾಗದಲ್ಲಿ ಔಷಧಿ ಕೊಡಲು ಓದಿದವರಿಗೆ ಜಾಗ ಇರಲಿಲ್ಲ. ಇಂಜೆಕ್ಷನ್, ಡ್ರೆಸ್ಸಿಂಗ್, ದಾಖಲೆ ಅಂತ ಮೊದಲೇ ಕೈತುಂಬ ಕೆಲಸ ಇರುವ ನರ್ಸ್ ಮೇಲೆ ಇದನ್ನೂ ಹೊರಿಸಿದ ಹಾಗಾಯಿತು. ಸರ್ಕಾರವೇ ಫಾರ್ಮಸಿಸ್ಟ್ ಇಲ್ಲದಿದ್ದರೂ ನಡೆಯುತ್ತದೆ ಅಂತ ತೋರಿಸಿಕೊಟ್ಟರೆ, ತಾಲ್ಲೂಕಿನ ಒಬ್ಬ ಅಂಗಡಿ ಮಾಲೀಕರಿಗೆ ನಾವು ಯಾವ ಬಾಯಿಂದ ಹೇಳುವುದು?

ಖಾಸಗಿಯಲ್ಲಿ ದೊಡ್ಡ ಕಂಪನಿಗಳ ಮೆಡಿಕಲ್‌ಗಳಿವೆ. ಅಲ್ಲಿ ಪಿಎಫ್, ಇಎಸ್‌ಐ ಕೊಡುತ್ತಾರೆ, ಅದು ದೊಡ್ಡದು. ಆದರೆ ತಿಂಗಳ ಟಾರ್ಗೆಟ್ ಇರುತ್ತದೆ. ಕೆಮ್ಮು ಅಂತ ಬಂದವರಿಗೆ ಕಂಪನಿಯದೇ ಪ್ರೋಟೀನ್ ಪುಡಿ ಮಾರಬೇಕು. ಆಸ್ಪತ್ರೆಯೊಳಗಿನ ಫಾರ್ಮಸಿಗಳಲ್ಲಿ ಕೆಲಸ ಕಲಿಯಲು ಬಹಳ ಸಿಗುತ್ತದೆ, ಗುಣಮಟ್ಟದ ಮಾನ್ಯತೆ ಬೇಕಾದ ಆಸ್ಪತ್ರೆಗಳು ಓದಿದವರನ್ನೇ ಕೇಳುತ್ತವೆ. ಅಲ್ಲಿ ರಾತ್ರಿ ಪಾಳಿ ಇದೆ, ಹೆಣ್ಣುಮಕ್ಕಳಿಗೆ ಮನೆ ತಲುಪಿಸುವ ವ್ಯವಸ್ಥೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಬೇಕು. ಇನ್ನೂ ಓದುವ ಆಸೆ ಇದ್ದವರು ಡಿ.ಫಾರ್ಮ್ ಆದ ಮೇಲೆ ಬಿ.ಫಾರ್ಮ್ ಪದವಿಯ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡ್ರಗ್ ಇನ್‌ಸ್ಪೆಕ್ಟರ್ ಆಗಬೇಕು ಅಂದರೆ ಪದವಿ ಬೇಕೇ ಬೇಕು. ಬೆಂಗಳೂರಿನ ಔಷಧ ಕಂಪನಿಗಳಲ್ಲೂ ಒಳ್ಳೆಯ ಹುದ್ದೆಗಳೆಲ್ಲ ಬಿ.ಫಾರ್ಮ್‌ನಿಂದ ಮೇಲಿನವರಿಗೇ. ಆಗುವವರು ಓದಿ. ನನಗೆ ಅಪ್ಪ ಸೊಸೈಟಿಯಲ್ಲಿ ಮಾಡಿದ್ದ ಸಾಲ ತೀರಿಸುವುದಿತ್ತು, ಆಗಲಿಲ್ಲ.

ಹೊಸಬರಿಗೆ ಕಷ್ಟ ಇನ್ನೂ ಜಾಸ್ತಿಯಾಗಿದೆ. ಎರಡು ವರ್ಷದ ಓದು, 500 ಗಂಟೆಯ ಪ್ರಾಯೋಗಿಕ ತರಬೇತಿ, ಅದರ ಮೇಲೆ 2022ರ ನಿಯಮದಂತೆ ನಿರ್ಗಮನ ಪರೀಕ್ಷೆ. ಮೂರು ಪೇಪರ್, ಪ್ರತಿಯೊಂದರಲ್ಲೂ 50% ಬರಬೇಕು. ಅದು ಪಾಸಾದರೆ ಮಾತ್ರ ನೋಂದಣಿ. ನಾನು ಈ ಪರೀಕ್ಷೆಯ ವಿರೋಧಿ ಅಲ್ಲ. ತರಬೇತಿಗೆ ಹೋಗದೆಯೇ ಸಹಿ ಹಾಕಿಸಿಕೊಂಡು ಬರುವ ಹುಡುಗರನ್ನು ನಾನೇ ನೋಡಿದ್ದೇನೆ, ಪರೀಕ್ಷೆ ಬೇಕು. ಆದರೆ ಬಾಗಿಲಲ್ಲಿ ಇಷ್ಟು ಬಿಗಿ ಮಾಡಿ, ಒಳಗೆ ಬಂದ ಮೇಲೆ ಅವನ ಕಾಗದವನ್ನು 4,000ಕ್ಕೆ ಬಾಡಿಗೆ ಕೊಡಬಹುದು ಅಂತ ಬಿಟ್ಟರೆ ಆ ಬಿಗಿಗೆ ಏನು ಅರ್ಥ?

ಏನು ಮಾಡಬಹುದು ಅಂತ ನನಗೆ ತೋಚಿದ್ದನ್ನು ಬರೆಯುತ್ತೇನೆ. ನಾನು ಕೇಳುತ್ತಿರುವುದು ಹೊಸ ಕಾನೂನು ಅಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲೇ ಫಾರ್ಮಸಿಸ್ಟ್ ಬಿಳಿ ಕೋಟು ಹಾಕಬೇಕು, ಹೆಸರು ಮತ್ತು ನೋಂದಣಿ ಸಂಖ್ಯೆ ಇರುವ ಬ್ಯಾಡ್ಜ್ ಧರಿಸಬೇಕು ಅಂತ ಇದೆ. ನಿಮ್ಮೂರಿನಲ್ಲಿ ಎಷ್ಟು ಅಂಗಡಿಯಲ್ಲಿ ನೋಡಿದ್ದೀರಿ? ಅದೊಂದನ್ನು ಗಟ್ಟಿಯಾಗಿ ಜಾರಿ ಮಾಡಿದರೂ ಸಾಕು, ಯಾರು ಇದ್ದಾರೆ ಯಾರು ಇಲ್ಲ ಅಂತ ಔಷಧಿ ಕೊಳ್ಳಲು ಬಂದವರಿಗೇ ಕಾಣುತ್ತದೆ. ಗೋಡೆಯ ಸರ್ಟಿಫಿಕೇಟಿನಲ್ಲಿ ಫೋಟೋ ದೊಡ್ಡದಾಗಿ ಕಾಣುವಂತಿರಲಿ, ಗಣಪತಿ ಫೋಟೋ ಪಕ್ಕ ಮೂಲೆಯಲ್ಲಿ ಅಲ್ಲ, ಜನ ನಿಲ್ಲುವ ಕಡೆಗೆ ಮುಖ ಮಾಡಿ ಇರಲಿ. ಇನ್‌ಸ್ಪೆಕ್ಟರ್‌ಗಳು ಹೇಳಿ ಬರುವುದು ನಿಲ್ಲಲಿ. ಅವರ ಸಂಖ್ಯೆ ಕಡಿಮೆ ಅಂತ ನನಗೂ ಗೊತ್ತು, ಒಬ್ಬರ ತಲೆಗೆ ನೂರಾರು ಅಂಗಡಿ. ಅದಕ್ಕೇ ಸಂಬಳದ ದಾಖಲೆ ಕೇಳಿ ಅನ್ನುತ್ತೇನೆ. ಲೈಸೆನ್ಸ್‌ನಲ್ಲಿ ಹೆಸರಿರುವ ಫಾರ್ಮಸಿಸ್ಟ್‌ಗೆ ಪ್ರತಿ ತಿಂಗಳು ಬ್ಯಾಂಕ್ ಮೂಲಕ ಸಂಬಳ ಹೋಗಿದೆಯಾ, ಎಷ್ಟು ಹೋಗಿದೆ ಅಂತ ಲೈಸೆನ್ಸ್ ಮುಂದುವರಿಸುವಾಗ ನೋಡಿ. ಹನ್ನೆರಡು ತಿಂಗಳು ತಲಾ ನಾಲ್ಕು ಸಾವಿರ ಹೋಗಿದ್ದರೆ ಅದು ಸಂಬಳ ಅಲ್ಲ ಅಂತ ಯಾರಿಗಾದರೂ ಅರ್ಥ ಆಗುತ್ತದೆ.

ಕಾರ್ಮಿಕ ಇಲಾಖೆಯವರಿಗೂ ಒಂದು ಮಾತು. ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಇದೆ, ಹೆಚ್ಚು ಹೊತ್ತು ದುಡಿಸಿದರೆ ಎರಡು ಪಟ್ಟು ಕೂಲಿ ಅಂತ ಇದೆ, ನೇಮಕಾತಿ ಪತ್ರ ಕೊಡಬೇಕು ಅಂತಲೂ ಇದೆ. ಮೆಡಿಕಲ್ ಶಾಪ್‌ಗಳಿಗೆ ಬಂದು ಇದನ್ನು ಕೇಳಿದ ಅಧಿಕಾರಿಯನ್ನು ಈ ಹನ್ನೊಂದು ವರ್ಷದಲ್ಲಿ ನಾನು ನೋಡಿಲ್ಲ. ಕನಿಷ್ಠ ವೇತನ ನಿಗದಿ ಮಾಡುವಾಗ ನೋಂದಾಯಿತ ಫಾರ್ಮಸಿಸ್ಟ್‌ಗಳನ್ನು ಅಂಗಡಿ ಗುಮಾಸ್ತರ ಸಾಲಿನಲ್ಲಿ ಇಟ್ಟು ನೋಡಬೇಡಿ. ಷೆಡ್ಯೂಲ್ ಎಚ್1 ಔಷಧಿಗಳ, ಅಂದರೆ ಕೆಲವು ಆಂಟಿಬಯಾಟಿಕ್‌ಗಳಂಥ ಹೆಚ್ಚು ನಿಗಾ ಬೇಕಾದ ಔಷಧಿಗಳ, ರಿಜಿಸ್ಟರ್ ಬರೆದು ಮೂರು ವರ್ಷ ಕಾಪಾಡಬೇಕಾದವರು ನಾವು. ಕರೆಂಟು ಹೋದ ರಾತ್ರಿ ಇನ್ಸುಲಿನ್ ಇಟ್ಟ ಫ್ರಿಜ್ 8 ಡಿಗ್ರಿ ದಾಟೀತು ಅಂತ ಐಸ್ ಹುಡುಕಿಕೊಂಡು ಓಡುವವರು ನಾವು. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಸತ್ತ ಸುದ್ದಿ ಬಂದ ರಾತ್ರಿ, ನಾನು ಹನ್ನೊಂದೂವರೆವರೆಗೆ ಅಂಗಡಿಯಲ್ಲೇ ಇದ್ದೆ. ಮಕ್ಕಳ ಸಿರಪ್ ಬಾಟಲಿ ಒಂದೊಂದನ್ನೇ ಕೆಳಗಿಳಿಸಿ ಕಂಪನಿ, ಬ್ಯಾಚ್ ನಂಬರ್ ನೋಡಿ ಬರೆದುಕೊಂಡೆ. ಆ ಕಂಪನಿಯ ಮಾಲು ನಮ್ಮಲ್ಲಿ ಇರಲಿಲ್ಲ. ಇರಬಹುದು ಅಂತ ಹೆದರಿ ನೋಡಿದ್ದು. ಆ ಎರಡು ಗಂಟೆಗೆ ಯಾರೂ ದುಡ್ಡು ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಆದರೆ ಗೋಡೆಯ ಮೇಲೆ ಬಾಡಿಗೆ ಸರ್ಟಿಫಿಕೇಟ್ ಮಾತ್ರ ಇದ್ದ ಅಂಗಡಿಗಳಲ್ಲಿ ಆ ರಾತ್ರಿ ಯಾರು ನೋಡಿದರು?

ಪಕ್ಕದ ಮನೆಯ ಹುಡುಗಿಗೆ ನಾನು ಕೊನೆಗೆ ಸೇರು ಅಂತಲೇ ಹೇಳಿದೆ. ಕೆಲಸ ನನಗೆ ಇಷ್ಟ, ಅದನ್ನು ಮುಚ್ಚಿಡಲು ಆಗಲಿಲ್ಲ. ಸಂಬಳ ಇಷ್ಟು ಅಂತ ಬಿಡಿಸಿ ಹೇಳಿದೆ. ನಿನ್ನ ಸರ್ಟಿಫಿಕೇಟ್ ಎಲ್ಲಿ ಇರುತ್ತದೋ ಅಲ್ಲಿ ನೀನೂ ಇರಬೇಕು, ಅಪ್ಪ ಕೇಳಿದರೂ ಮುಂದೆ ಗಂಡ ಕೇಳಿದರೂ ಕೊಡಬೇಡ ಅಂದೆ. ಎಲ್ಲೇ ಸೇರಿದರೂ ಮೊದಲ ದಿನವೇ ನೇಮಕಾತಿ ಪತ್ರ ಕೇಳು ಅಂದೆ. ಅವಳು ಸೇರಿದ್ದಾಳೆ. ಕಾಲೇಜು ಮುಗಿಸಿಕೊಂಡು ಸಂಜೆ ಬಸ್ಸಿಳಿದರೆ ಕೆಲವು ಸಲ ಅಂಗಡಿಗೆ ಬಂದು ನಿಲ್ಲುತ್ತಾಳೆ. ಮೊನ್ನೆ ಆ ಅಜ್ಜನ ಸ್ಟ್ರಿಪ್ ಕೈಗೆತ್ತಿಕೊಂಡು, ಇದರ ಮೇಲೆ ಸೋಮವಾರ ಅಂತ ಯಾಕೆ ಬರೆದಿದ್ದೀರಿ ಅಂತ ಕೇಳಿದಳು. ಹೇಳಿದೆ. ಅವಳು ನೋಟ್‌ಬುಕ್ ತೆಗೆದು ಬರೆದುಕೊಂಡಳು.

ಮುಂದಿನ ವರ್ಷ ‘ಮುಂದೇನು’ ಪುಟ ಮಾಡುವಾಗ ಡಿ.ಫಾರ್ಮ್‌ಗೆ ಇನ್ನೊಂದು ನಾಲ್ಕು ಸಾಲು ಜಾಸ್ತಿ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಸಂಬಳ ಎಷ್ಟು ಅಂತ ಬರೆಯಿರಿ. ಸರ್ಟಿಫಿಕೇಟ್ ಬಾಡಿಗೆಗೆ ಕೊಡುವುದು ಅಪರಾಧ ಅಂತ ದಪ್ಪ ಅಕ್ಷರದಲ್ಲಿ ಹಾಕಿ.

ಇಂತಿ,
ಒಬ್ಬ ನೋಂದಾಯಿತ ಫಾರ್ಮಸಿಸ್ಟ್
ಹಾಸನ ಜಿಲ್ಲೆ